ಕರಾರಿನ ಮೇಲೊಂದು ಟವಲ್

ಕರಾರು ಓದಿ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯದ ದಿನವೇ ಹೆಚ್ಚು. ಚಿಕ್ಕಬಳ್ಳಾಪುರದ ಹಣ್ಣು ರಫ್ತು ಕಚೇರಿಯಲ್ಲಿ ನಾನು ಇಂಗ್ಲಿಷ್ ಕರಾರನ್ನು ರೈತರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವನು. ಈ ಸಲ ಸಿಕ್ಕವರು ಮುದ್ದೇನಹಳ್ಳಿ ಕಡೆಯ ದ್ರಾಕ್ಷಿ ತೋಟದ ಯಜಮಾನರು. ಕೊಳ್ಳುವವನು ಹಾಲೆಂಡಿನವನು. ಹಣ್ಣು ಮಾಗಿ ನಿಂತಿತ್ತು. ವಾರದೊಳಗೆ ರುಜು ಬೀಳದಿದ್ದರೆ ಅವನು ಬೇರೆ ತೋಟ ನೋಡಿಕೊಳ್ಳುತ್ತಿದ್ದ, ಯಜಮಾನರ ಮೊದಲ ವಿದೇಶಿ ವ್ಯಾಪಾರ ಬಳ್ಳಿಯಲ್ಲೇ ಕೊಳೆಯುತ್ತಿತ್ತು.

ಲಂಡನ್ ಪಂಚಾಯ್ತಿ

"ತಕರಾರು ಬಂದರೆ ಲಂಡನ್ನಿನಲ್ಲಿ ತೀರ್ಮಾನ" ಎಂದು ಓದಿದೆ.

"ಅವ್ನು ಹಾಲೆಂಡು, ನಾನು ಇಲ್ಲಿ. ಲಂಡನ್ನೋರಿಗೆ ಏನಪ್ಪ ಸಂಬಂಧ?"

ಇಬ್ಬರಿಗೂ ಸಂಬಂಧವಿಲ್ಲ ಅಂತಲೇ ಅಲ್ಲಿ, ಎಂದೆ.

ಯಜಮಾನರು ಯೋಚಿಸಿದರು. "ಸಂಬಂಧ ಇಲ್ದಿರೋರೇ ಬೇಕಂದ್ರೆ ಗೌರಿಬಿದನೂರಲ್ಲಿ ಸಿಗ್ತಾರೆ. ಅಲ್ಲಿ ನಮ್ಮೋರು ಯಾರೂ ಇಲ್ಲ. ಬಸ್ಸೂ ಐತೆ."

ಸೂತಕದ ಷರತ್ತು

ಯುದ್ಧ, ಪ್ರವಾಹ ಬಂದು ಮಾಲು ತಡವಾದರೆ ತಪ್ಪಿಲ್ಲ ಎಂದಿತ್ತು.

"ಸೂತಕಾನೂ ಸೇರ್ಸು. ದಾಯಾದಿಗಳಲ್ಲಿ ಯಾರಾದ್ರೂ ಸತ್ರೆ ನಾವು ಬಳ್ಳಿಗೆ ಕತ್ತರಿ ಹಾಕಲ್ಲ."

ಬರೆದು ಕಳಿಸಿದೆ. ದಾಯಾದಿಗಳು ಎಷ್ಟು ಮಂದಿ, ಅವರೆಲ್ಲರ ಆರೋಗ್ಯ ಹೇಗಿದೆ ಎಂದು ಹಾಲೆಂಡಿನ ವಕೀಲರಿಂದ ಪ್ರಶ್ನೆ ಬಂತು. ನಾನು ತಲೆ ಕೆರೆದುಕೊಂಡೆ. ಯಜಮಾನರು ಹೆಗಲ ಟವಲ್‌ನಿಂದ ಕಣ್ಣೊರೆಸಿಕೊಂಡರು.

"ನಮ್ಮೂರೋರೇ ಯಾವತ್ತೂ ಕೇಳಿಲ್ಲ. ದೊಡ್ಡ ಮನುಷ್ಯ ಕಣಪ್ಪ."

ಬೆಲೆ

ಉಳಿದದ್ದು ಬೆಲೆಯೊಂದೇ. ಹಾಲೆಂಡಿನವನು ಮೊದಲೇ ಒಂದು ದರ ಬರೆದು ಕಳಿಸಿದ್ದ, ಯಜಮಾನರು ಇನ್ನೂ ಒಪ್ಪಿರಲಿಲ್ಲ. ಕೊನೆಯ ದಿನ ಅವರ ಪಡಸಾಲೆಯಲ್ಲೇ ವಿಡಿಯೋ ಕಾಲ್ ಮಾಡಿದೆ. ಸುತ್ತ ಅವರ ಭಾವಮೈದ, ಪಕ್ಕದ ತೋಟದವರು.

ನಿಮ್ಮ ಬೆಲೆ ಹೇಳಿ, ಎಂದ ಹಾಲೆಂಡಿನವನು.

ಯಜಮಾನರು ಚಿಂತಾಮಣಿ ದನದ ಸಂತೆಯಲ್ಲಿ ಪಳಗಿದವರು. ಅಲ್ಲಿ ನಾಲ್ಕು ಜನರ ಮುಂದೆ ಯಾರೂ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವಲ್ ಮುಚ್ಚಿ, ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಒತ್ತಿ ತಿಳಿಸುತ್ತಾರೆ. ಯಜಮಾನರು ಹೆಗಲ ಟವಲ್ ತೆಗೆದು ನನ್ನ ಫೋನಿನ ಮೇಲೆ ಮುಚ್ಚಿದರು. ಒಳಗೆ ಕೈ ತೂರಿಸಿ ಸ್ಕ್ರೀನನ್ನು ಒತ್ತತೊಡಗಿದರು.

"ಏನ್ ಮಾಡ್ತಿದ್ದೀರಿ?"

"ಸುಮ್ನಿರು. ರೇಟು ಹೇಳ್ತಿದ್ದೀನಿ."

ಟವಲ್ ಒಳಗಿಂದ "ಹಲೋ, ಹಲೋ" ಕೇಳಿಸಿ ನಿಂತುಹೋಯಿತು. ಕಾಲ್ ಕಟ್ಟಾಗಿತ್ತು. ನನ್ನ ಕೆಲಸವೂ ಹೋಯಿತೆಂದುಕೊಂಡೆ.

"ಎಂತಂಟ?" ಭಾವಮೈದ ತೆಲುಗಿನಲ್ಲಿ ದರ ಕೇಳಿದರು.

"ಯೋಚ್ನೆ ಮಾಡ್ತಾವ್ನೆ" ಎಂದರು ಯಜಮಾನರು.

ಸ್ವಲ್ಪ ಹೊತ್ತಿಗೆ ಹಾಲೆಂಡಿನವನ ಸಂದೇಶ ಬಂತು. ಕೋಪ ಮಾಡಿಕೊಳ್ಳಬೇಡಿ, ದರ ಏರಿಸಿದ್ದೇನೆ, ದಯವಿಟ್ಟು ರುಜು ಹಾಕಿ, ಎಂದಿದ್ದ. ಅದನ್ನೂ ಟವಲ್ ಕೆಳಗೇ ತೋರಿಸಬೇಕಾಯಿತು.

ಯಜಮಾನರು ರುಜು ಹಾಕಿ, ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರು:

"ಪಾಪ, ಅವ್ನಿಗೆ ಬೆರಳು ಲೆಕ್ಕ ಸರಿಯಾಗಿ ಬರಲ್ಲ ಕಣಪ್ಪ. ನಾನು ಒತ್ತಿದ್ದು ಇದಕ್ಕಿಂತ ಕಮ್ಮಿ."