ಮಾಮಾನ ಪಲ್ಟಣ

ನನ್ನ ಸೋದರಮಾವನ ಬಳಿ ಒಂದು ಸೈನ್ಯವಿತ್ತು ಎಂದರೆ ನೀವು ನಗುತ್ತೀರಿ. ನಗಿ. ಲಿಂಗಸುಗೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಆ ಮನುಷ್ಯನ ಪಡಸಾಲೆಯಲ್ಲಿ ಒಮ್ಮೆ ಒಬ್ಬರೇ ಕುಳಿತಿದ್ದರೆ ನಗುತ್ತಿರಲಿಲ್ಲ!

ಸೈನ್ಯವೆಂದರೆ ಬಿಲ್ಲೆಗಳು. ಹಳೆಯ ಸಿಪಾಯಿಗಳ ಟೋಪಿಯ ಮೇಲಿನವು, ಹೆಗಲ ಮೇಲಿನವು. ಒಟ್ಟು ಹದಿನೇಳು ಹಿತ್ತಾಳೆಯ ಬಿಲ್ಲೆಗಳು. ಬ್ರಿಟಿಷರ ಕಾಲದಲ್ಲಿ ನಮ್ಮೂರಲ್ಲಿ ದಂಡಿನ ಛಾವಣಿ ಇತ್ತು. ಆ ಕಡೆಯ ಹೊಲಗಳಲ್ಲಿ ಕುಂಟೆ ಹೊಡೆದರೆ ಇಂಥವು ಮೇಲೇಳುತ್ತಿದ್ದವು. ಉಳಿದವು ಸಿಂಧನೂರಿನ ಗುಜರಿ ಅಂಗಡಿಗಳಿಂದ ಬಂದವು. ಬಿಲ್ಲೆ ತಂದವರಿಗೆ ಮಾಮಾ ಪುಕ್ಕಟೆ ಅಂಗಿ ಹೊಲಿದುಕೊಡುತ್ತಿದ್ದ. ಎಷ್ಟು ರೈತರ ಮೈಮೇಲಿನ ಅಂಗಿ ಸತ್ತ ಸಿಪಾಯಿಗಳ ಉಡುಗೊರೆಯೋ!

ಈ ಹುಚ್ಚಿನ ಕಾರಣ ಎಲ್ಲರಿಗೂ ಗೊತ್ತಿತ್ತು. ಮಾಮಾ ತೊಟ್ಟಿಲಲ್ಲಿದ್ದಾಗ ಅವನ ಅಪ್ಪ, ಅಂದರೆ ನನ್ನ ಅಜ್ಜ, ದಂಡಿನ ಜೊತೆ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಹೀಗಾಗಿ ಅಜ್ಜಿ ಹಣೆಗೆ ಕುಂಕುಮವಿಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕಾಯುತ್ತಲೇ ಇದ್ದಳು. ಅವಳ ಮುಂಗೈ ಮೇಲೆ ಚೇಳಿನ ಹಚ್ಚೆ. ಅಂಥದ್ದೇ ಒಂದು ಚೇಳನ್ನು ಅಜ್ಜ ತನ್ನ ಬಿಲ್ಲೆಯ ಹಿಂದೆ ಮೊಳೆಯಿಂದ ಕೊರೆದುಕೊಂಡಿದ್ದನಂತೆ. ಅದಕ್ಕೇ ಯಾವ ಬಿಲ್ಲೆ ಬಂದರೂ ಮಾಮಾ ಮೊದಲು ತಿರುವಿ ನೋಡುತ್ತಿದ್ದ.

"ಚೇಳು ಐತೇನೋ?" ಒಳಗಿನಿಂದ ಅಜ್ಜಿಯ ದನಿ.

"ಇಲ್ಲಬೇ."

"ಹಂಗಾರ ಬರ್ತಾರ ತಗೋ."

ಬಿಲ್ಲೆಗಳನ್ನೆಲ್ಲ ಒಂದು ಖಾಕಿ ಕೋಟಿಗೆ ಚುಚ್ಚಿ ಗೂಟಕ್ಕೆ ತೂಗುಹಾಕಿದ್ದ. ಸಂಜೆ ದೀಪ ಹಚ್ಚಿದ ಕೂಡಲೇ ಹಾಜರಿ ಕರೆಯುತ್ತಿದ್ದ: ಛಾವಣಿಯವ, ಪಾಮನಕಲ್ಲೂರಿನವ, ಹಟ್ಟಿಯವ... ಸಿಕ್ಕಿದ ಊರೇ ಹೆಸರು. ಗಾಳಿಯೇ ಇಲ್ಲದ ಬೇಸಿಗೆಯಲ್ಲೂ ಹಿತ್ತಾಳೆಗೆ ಹಿತ್ತಾಳೆ ತಾಗಿ ಟಿಣ್ ಎನ್ನುತ್ತಿತ್ತು. ಗುಲ್ಬರ್ಗಾದಲ್ಲಿ ಎಂ.ಎ. ಓದುತ್ತಿದ್ದ ನಾನು, "ಇಲಿ ಇರಬೇಕು ಮಾಮಾ" ಎಂದೆ.

"ಇಲಿ ಹಾಜರಿ ಹೇಳ್ತೈತೇನವಾ?"

ಅಳತೆ ಕೊಡಲು ಬಂದಿದ್ದ ಮಸ್ಕಿಯ ಗಿರಾಕಿಯೊಬ್ಬ ಆ ಸದ್ದಿಗೆ ಬಟ್ಟೆ, ಚಪ್ಪಲಿ ಎರಡನ್ನೂ ಬಿಟ್ಟು ಓಡಿದ. ಮಾಮಾ ಅಳತೆಯಿಲ್ಲದೆಯೇ ಅಂಗಿ ಹೊಲಿದ. ಅದು ಆ ಗಿರಾಕಿಯ ಮೈಗೆ ಸರಿಯಾಗಿ ಕೂತಿತು! ಅಳತೆ ಹೇಳಿದವರು ಯಾರೆಂದು ನಾನು ಕೇಳಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಬಟ್ಟೆ ಇಟ್ಟು ಎಡೆ ಹಿಡಿಯುತ್ತಾರೆ. ಮಾಮಾ ಬಿಲ್ಲೆಗಳಿಗೂ ಎಡೆ ಇಡಿಸುತ್ತಿದ್ದ. ಸಾಲಾಗಿ ಎಲೆಗಳು, ಪ್ರತಿ ಎಲೆಯ ಮುಂದೆ ಒಂದು ಬಿಲ್ಲೆ.

"ಮಂದಿ ಮನ್ಯಾಗ ಇಬ್ಬರೋ ಮೂವರೋ ಹಿರ್ಯಾರು. ನಮ್ಮ ಮನ್ಯಾಗ ಪಲ್ಟಣ!" ಹೋಳಿಗೆ ಲಟ್ಟಿಸುತ್ತ ಅತ್ತೆ ಗೊಣಗುವಳು.

"ಅವರಿಗೆ ಉಣ್ಣಾಕ ಇಡಾವ್ರು ಮತ್ಯಾರದಾರ?" ಮಾಮಾನ ಉತ್ತರ.

ಸಿಂಹದ ಬಿಲ್ಲೆಯ ಗೋರಾ ಸಿಪಾಯಿಗೆ ಹೋಳಿಗೆ ಸೇರದೆಂದು ಚಹಾ, ಬಿಸ್ಕೀಟು. ಒಂದು ವರ್ಷ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತಿಗೆ ತೆರೆದರೆ ಚಹಾ ಅರ್ಧವಾಗಿತ್ತು! ಮಾಮಾ ಕಪ್ಪು ಎತ್ತಿ ನೋಡಿ ಅತ್ತೆಯತ್ತ ತಿರುಗಿದ: "ಸಕ್ಕರಿ ಕಡಿಮಿ ಹಾಕೀದಿ. ಅದಕ್ಕ ಅರ್ಧಾ ಬಿಟ್ಟಾನ."

ನಾನು ಎಣಿಸುವ ಸ್ವಭಾವದವಳು. ಬಿಲ್ಲೆ ಹದಿನೇಳು, ಎಲೆ ಹದಿನೆಂಟು. ಮೂಲೆಯ ಎಲೆಯ ಮುಂದೆ ಏನೂ ಇರಲಿಲ್ಲ.

"ಇದು ಯಾರದು ಮಾಮಾ?"

"ಎಣಿಕಿ ತಪ್ಪೇತಿ."

ಪ್ರತಿ ವರ್ಷವೂ ಒಂದೇ ತಪ್ಪು! ಇಂಥ ದರ್ಜಿ ಅಂಗಿಗೆ ಗುಂಡಿ ಹೇಗೆ ಹಚ್ಚುತ್ತಿದ್ದ?

ತೊಂಬತ್ತೊಂದರ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಮುತ್ತೈದೆಯಾಗಿಯೇ ಕಳಿಸಿದೆವು. ಆ ವರ್ಷದ ಅಮಾವಾಸ್ಯೆಗೆ ಮೂಲೆಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಬಂತು. ಅದರ ಮುಂದೆ ಅಜ್ಜಿಯ ಇಳಕಲ್ ಸೀರೆ.

ಮಾಮಾ ಕೋಟನ್ನು ಗೂಟದಿಂದ ಇಳಿಸಿ, ಎದೆಯ ಭಾಗದ ಅಸ್ತರಿನ ಹೊಲಿಗೆಯನ್ನು ಬ್ಲೇಡಿನಿಂದ ನಿಧಾನವಾಗಿ ಬಿಚ್ಚಿದ. ಒಳಗಿನಿಂದ ಒಂದು ಬಿಲ್ಲೆ ಜಾರಿ ಅವನ ಅಂಗೈಗೆ ಬಿತ್ತು. ತಿರುವಿದ. ಚೇಳು.

"ಯಾವಾಗ ಸಿಕ್ಕಿತ್ತು ಮಾಮಾ?"

"ನೀ ಹುಟ್ಟಿದ ವರ್ಷ. ಗುರುಗುಂಟಾದಾಗ ಅಪ್ಪನ ದೋಸ್ತ ಒಬ್ಬಾವ ಇದ್ದ. ನಿಮ್ಮಪ್ಪಗ ನಾನ ಮಣ್ಣು ಕೊಟ್ಟು ಬಂದೀನಪಾ ಅಂತ ಹೇಳಿ ಇದನ್ನ ಕೊಟ್ಟ."

ಅತ್ತೆಯ ಕೈಯಲ್ಲಿ ಹೋಳಿಗೆ ಹಾಗೇ ಉಳಿಯಿತು. "ಮತ್ತ ಇಷ್ಟು ವರ್ಷ ಯಾಕ ಹುಡುಕಿದ್ರಿ?"

ಮಾಮಾ ಬಿಲ್ಲೆಯನ್ನು ಅಜ್ಜಿಯ ಸೆರಗಿನ ಮೇಲಿಟ್ಟ.

"ಹುಡುಕೂದು ಬಿಟ್ಟಿದ್ರ ಅವ್ವಗ ಗೊತ್ತಾಗತಿತ್ತು."