ಬಸ್ಸು ಮೊದಲು ಹೊರಟಿತೋ, ಅಕ್ಕ ಮೊದಲು ಹೊರಟಳೋ

ನಾನು ಊರಿಗೆ ಬಂದಾಗಲೆಲ್ಲ ಒಂದು ವಾಹನ ಇನ್ನೊಂದಕ್ಕೆ ತಾಗದೆ ಇರುವುದಿಲ್ಲ. ಲಾಗೋಸ್, ಕೈರೋದಂಥ ಊರುಗಳ ಟ್ರಾಫಿಕ್ಕಿನಲ್ಲಿ ಗೀರು ಬೀಳದೆ ಓಡಾಡಿದವಳು ನಾನು. ಉಡುಪಿಯಲ್ಲಿ ಇಳಿದರೆ ಸಾಕು, ಎಲ್ಲಿಂದಲೋ ಒಂದು ಬಂಪರು ಕಳಚಿ ಬೀಳುತ್ತದೆ.

ಈ ಸಲ ಬಂದದ್ದು ಭಾವನ ಉತ್ತರಕ್ರಿಯೆಗೆ. ಭಾವ ಅಂದರೆ ನನ್ನ ಅಕ್ಕನ ಗಂಡ. ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಂದವರೆಲ್ಲ ಉಂಡು ಹೋದ ಮೇಲೆ ಬನ್ನಂಜೆಯ ಮನೆಯಲ್ಲಿ ಅಕ್ಕ, ನಾನು, ಅಂಗಳದಲ್ಲೊಂದು ಬಿಳಿ ಕಾರು, ಇಷ್ಟೇ ಉಳಿದೆವು. ಅಕ್ಕ ಹೊರಗೆ ಹೋಗುವುದಿದ್ದರೆ ಆ ಕಾರಿನಲ್ಲೇ. ಬಸ್ಸು ಹತ್ತಲು ಒಲ್ಲಳು. ಹತ್ತಿದರೆ ಟಿಕೆಟ್ ಕೇಳಲು ಬೇರೆ ಯಾರೋ ಬರುತ್ತಾರೆ.

ಒಂದು ಬೆಳಿಗ್ಗೆ ಅವಳೇ ಎದ್ದು, "ಕಾಪುವಿಗೆ ಹೋಗಿ ಮೀನು ತರುವ" ಎಂದಳು. ಅಲ್ಲಿಂದ ಶುರು.

೧. ಕಣ್ಣಾರೆ ಕಂಡವರು

ಮೀನು ತೆಗೆದುಕೊಂಡು ಬಂದು ಕಾರಿನಲ್ಲಿ ಕೂತೆವು. ಕಾರು ರಸ್ತೆಯ ಬದಿಯಲ್ಲಿತ್ತು. ನಮ್ಮ ಹಿಂದೆ ಒಂದು ಬಸ್ಸು ಜನ ಹತ್ತಿಸಿಕೊಳ್ಳುತ್ತಾ ನಿಂತಿತ್ತು. ಅಕ್ಕ ಇಂಜಿನ್ ಚಾಲೂ ಮಾಡಿ, ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದು, ಒಮ್ಮೆಲೇ ಹೊರಟಳು. ಬಸ್ಸೂ ಅದೇ ಕ್ಷಣಕ್ಕೆ ಹೊರಟಿತು. ಅದರ ಎಡಮೂತಿ ನಮ್ಮ ಬಲಗೆನ್ನೆಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಬಂಗುಡೆಗಳು ಮಾತ್ರ ನನ್ನ ಕಾಲಡಿಗೆ ಬಂದವು.

"ಎಂತ ಅಕ್ಕ, ಹಿಂದೆ ಇಷ್ಟು ದೊಡ್ಡ ಬಸ್ಸು ಕಾಣುವುದಿಲ್ವಾ?" ಎಂದು ಡ್ರೈವರ್ ಇಳಿದು ಬಂದ.

"ನಿಮಗೆ ಮುಂದೆ ಇರುವ ಕಾರು ಕಂಡಿತಾ?" ಎಂದೆ ನಾನು.

ಜನ ಸೇರಿತು. ಅರ್ಧ ಜನ ಬಸ್ಸಿನ ಕಡೆ, ಅರ್ಧ ಜನ ಮೀನಿನ ಕಡೆ. ಬಸ್ಸಿನಿಂದ ಇಳಿದ ಹಿರಿಯರೊಬ್ಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಗಲಾಟೆ ಬೇಡ. ತಪ್ಪು ಕಾರಿನದ್ದೇ. ನಾನು ಕಣ್ಣಾರೆ ನೋಡಿದ್ದೇನೆ."

"ನೀವು ಎಲ್ಲಿದ್ದಿರಿ?" ಎಂದು ಕೇಳಿದೆ.

"ಹಿಂದಿನ ಸೀಟಿನಲ್ಲಿ. ಒಳ್ಳೆ ನಿದ್ರೆಯಲ್ಲಿದ್ದೆ ಮಾರಾಯ್ರೇ, ಈ ಶಬ್ದಕ್ಕೆ ಎಚ್ಚರ ಆದದ್ದು!"

೨. ಇಂಡಿಕೇಟರ್

ಮಣಿಪಾಲದ ಗ್ಯಾರೇಜಿಗೆ ವಿಮೆಯವರು ಬಂದರು. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, "ನೋಡಿ ಮೇಡಂ, ನಿಂತ ಗಾಡಿ ಹೊರಡುವಾಗ ಓಡುತ್ತಿರುವ ಗಾಡಿಗೆ ದಾರಿ ಬಿಡಬೇಕು" ಎಂದರು.

"ಬಸ್ಸೂ ನಿಂತಿತ್ತಲ್ಲ?" ಎಂದೆ.

"ಓ, ಎರಡೂ ನಿಂತಿದ್ದವಾ?" ಅವರು ಪೆನ್ನು ಮುಚ್ಚಿ ಜೇಬಿಗೆ ಹಾಕಿದರು. ಮತ್ತೆ ತೆಗೆದರು. ಅಕ್ಕನ ಬಾಡಿದ ಮುಖ ನೋಡಿ ಕನಿಕರ ಬಂದಿರಬೇಕು. "ಹೊರಡುವಾಗ ಇಂಡಿಕೇಟರ್ ಹಾಕಿದ್ದಿರಲ್ವಾ?"

"ಹಾಕಿದ್ದೆ" ಎಂದಳು ಅಕ್ಕ.

ಅವರ ಮುಖ ಅರಳಿತು. "ಹಾಗಾದರೆ ನಿಮ್ಮ ಕಡೆ ಬಲ ಉಂಟು! ಯಾವಾಗ ಹಾಕಿದ್ದು?"

"ಬನ್ನಂಜೆಯಿಂದಲೇ ಹಾಕಿದ್ದೆ."

೩. ಸಾಕ್ಷ್ಯನಾಶ

ವಿಮೆಯ ಚಿಂತೆ ನಮಗೆ ಇರಲೇ ಇಲ್ಲ. ಇದ್ದದ್ದು ಕಾರ್ಕಳದ ಭಾವನದು. ಅವರು ತೀರಿಹೋದವರ ಅಣ್ಣ, ವಕೀಲರ ಗುಮಾಸ್ತರಾಗಿದ್ದವರು. ಸುದ್ದಿ ಕೇಳಿ ಫೋನಿನಲ್ಲೇ ಆಜ್ಞೆ ಹೊರಡಿಸಿದ್ದರು: "ಕಾರು ತೆಗೆದುಕೊಂಡು ಇಲ್ಲಿಗೆ ಬನ್ನಿ. ತಪ್ಪು ಅವಳದ್ದಾದರೆ ಕೀ ನನ್ನ ಹತ್ತಿರ ಇರಲಿ. ತಮ್ಮ ಹೋದದ್ದು ಸಾಕು, ಇನ್ನೊಬ್ಬರನ್ನು ಕಳಕೊಳ್ಳುವ ಶಕ್ತಿ ನನಗಿಲ್ಲ."

ರಿಪೇರಿಯಾದ ಕಾರನ್ನು ನಾನೇ ಓಡಿಸಿದೆ. ಆರೋಪಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು.

ಭಾವ ತಿಂಡಿಯ ಮೇಜಿನ ಮೇಲೆ ವಿಚಾರಣೆ ಶುರು ಮಾಡಿದರು. ಬನ್ಸ್ ಬಸ್ಸು, ಗೋಳಿಬಜೆ ಕಾರು, ಚಟ್ನಿಯ ಬಟ್ಟಲು ಕಾಪುವಿನ ಬಸ್‌ಸ್ಟಾಪು. ಬನ್ಸನ್ನು ಮುಂದೆ ತಳ್ಳಿದರು, ಗೋಳಿಬಜೆಯನ್ನು ಬಲಕ್ಕೆ ತಿರುಗಿಸಿದರು, ಎರಡನ್ನೂ ಹಿಂದಕ್ಕೆ ತಂದರು. ಯೋಚನೆ ಗಾಢವಾಗುತ್ತಾ ಹೋಯಿತು. ಯೋಚಿಸುತ್ತಲೇ ಬಸ್ಸನ್ನು ಮುರಿದು ಬಸ್‌ಸ್ಟಾಪಿನಲ್ಲಿ ಅದ್ದಿ ತಿಂದುಬಿಟ್ಟರು.

"ಈಗ ಬಸ್ಸೇ ಇಲ್ಲವಲ್ಲ ಭಾವ," ಎಂದೆ, "ಕೇಸು ಬಿಟ್ಟ ಹಾಗೆಯೇ?"

"ಸಾಕ್ಷಿ ತಣ್ಣಗಾಗುತ್ತಿತ್ತು" ಎಂದು ಅವರು ಬಾಯಿ ಒರೆಸಿಕೊಂಡರು.

೪. ರೈಟ್

ಕೈ ತೊಳೆದು ಬಂದವರು ಬೇರೆಯೇ ಸ್ವರದಲ್ಲಿ ಕೇಳಿದರು. "ಅದೆಲ್ಲ ಇರಲಿ ಮಗಾ. ಹಿಂದೆ ನೋಡದೆ ನೀನು ಯಾಕೆ ಹೊರಟದ್ದು?"

ಅಕ್ಕ ಕೀಯನ್ನು ಮೇಜಿನ ಮೇಲಿಟ್ಟಳು. "ಸೀಟಿ ಕೇಳಿತು ಭಾವ."

"ಯಾರದ್ದು?"

"ಆ ಬಸ್ಸಿನ ಕಂಡಕ್ಟರನದ್ದು. ಎರಡು ಸಲ."

ನಮ್ಮ ಕಡೆಯ ಬಸ್ಸುಗಳಲ್ಲಿ ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು, ಅದೇ ರೈಟ್. ಅಕ್ಕ ಕಾರು ಕಲಿತ ದಿನದಿಂದ ಅವಳ ಗಂಡ ರಸ್ತೆಗೆ ಇಳಿದು, ಅತ್ತಿತ್ತ ನೋಡಿ, ಬೆರಳು ಬಾಯಿಗಿಟ್ಟು ಎರಡು ಸೀಟಿ ಹೊಡೆಯುತ್ತಿದ್ದರು. ಮತ್ತೆ ಓಡಿ ಬಂದು, ಚಲಿಸುತ್ತಿರುವ ಕಾರನ್ನು ಹತ್ತುತ್ತಿದ್ದರು. ಕಾರಿನ ಕನ್ನಡಿಯನ್ನು ಅಕ್ಕ ಬಳಸಿದ್ದು ಕುಂಕುಮ ಸರಿ ಮಾಡಿಕೊಳ್ಳುವುದಕ್ಕೆ ಮಾತ್ರ.

"ಊರಲ್ಲಿ ಎಷ್ಟು ಬಸ್ಸು ಉಂಟು ಮಾರಾಯ್ತಿ! ಸೀಟಿ ಕೇಳಿದಾಗಲೆಲ್ಲ ಹೊರಡುವುದಾ?"

"ಗೊತ್ತುಂಟು ಭಾವ. ತಪ್ಪು ನನ್ನದೇ. ಮನೆಯಿಂದ ಹೇಗೋ ಬಂದೆ. ಅಲ್ಲಿ ಕೂತಿದ್ದೆ, ಹೊರಡಲಿಕ್ಕೇ ಆಗಲಿಲ್ಲ. ಅವರು ಹೋದ ಮೇಲೆ ಯಾರೂ ನನಗೆ ರೈಟ್ ಕೊಡಲಿಲ್ಲ. ಅವತ್ತು ಯಾರೋ ಕೊಟ್ಟರು."

ಭಾವ ಕೀ ಎತ್ತಿಕೊಂಡು ಹೊರಗೆ ನಡೆದರು. ಕಾರು ಹೋಯಿತು ಎಂದುಕೊಂಡೆ ನಾನು. ಅವರು ಕಾರಿನ ಬಾಗಿಲು ತೆಗೆದು, ಅಕ್ಕನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ, ಕೀಯನ್ನು ಅವಳ ಅಂಗೈಯಲ್ಲಿಟ್ಟರು. ನಾನು ಪಕ್ಕದಲ್ಲಿ ಕೂತೆ. ಭಾವ ಪಂಚೆ ಎತ್ತಿ ಕಟ್ಟಿ ಗೇಟಿನಾಚೆ ರಸ್ತೆಗೆ ಇಳಿದರು. ಅತ್ತ ನೋಡಿದರು, ಇತ್ತ ನೋಡಿದರು. ಎರಡು ಬೆರಳು ಬಾಯಿಗಿಟ್ಟು ಊದಿದರು. ಬರೀ ಗಾಳಿ. ಮತ್ತೆ ಊದಿದರು. ಗಾಳಿ, ಜೊತೆಗೆ ಸ್ವಲ್ಪ ಬನ್ಸ್. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಎಲ್ಲಿಂದಲೋ ಒಂದು ಸೀಟಿ ಹೊರಟಿತು, ತಮ್ಮನದ್ದೇ ಸೀಟಿಯ ಹಾಗೆ.

ಅಕ್ಕ ಕಲ್ಲಿನ ಹಾಗೆ ಕೂತಳು.

"ಎಂತ ಮಾಡುವುದು ನೀನು? ಹೊರಡು!"

"ಒಂದೇ ಸೀಟಿ ಭಾವ," ಅಕ್ಕ ಅಳುತ್ತಾ ಕಿಟಕಿಯಿಂದ ಕೂಗಿದಳು, "ಒಂದಕ್ಕೆ ನಿಲ್ಲಿಸಬೇಕು!"

ಭಾವ ಗೇಟು ಹಿಡಿದುಕೊಂಡು ಏದುಸಿರು ಬಿಟ್ಟರು.

"ನನ್ನಿಂದ ಅಷ್ಟೇ ಆಗುವುದು. ಇನ್ನೊಂದನ್ನು ನೀನೇ ಹೊಡಕೊಂಡು ಹೋಗು ಮಾರಾಯ್ತಿ!"