ತಾತನಿಗೆ ಪೂರ್ತಿ ಹಾಜರಿ, ನನಗೆ ಗೈರು

ರೆಪ್ಪೆಯೇ ಇಲ್ಲದ, ಆದ್ದರಿಂದ ಎಂದೂ ಕಣ್ಣು ಮುಚ್ಚದ ಮಾನ್ಯ ಹಾಜರಿ ಯಂತ್ರದವರೇ,

ನಮ್ಮ ಕಾಲೇಜಿನ ಆನ್‌ಲೈನ್ ತರಗತಿಗಳಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದನ್ನು ಮುಖ ನೋಡಿಯೇ ತೀರ್ಮಾನಿಸುವ ತಮಗೆ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳ ಸವಿನಯ ವಂದನೆಗಳು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿರುವ ಈ ಸಾಂಕ್ರಾಮಿಕದ ಕಾಲದಲ್ಲೂ ತಾವು ಒಂದು ದಿನ ರಜೆ ಹಾಕಿದವರಲ್ಲ, ಮಾಸ್ಕ್ ತೊಟ್ಟವರಲ್ಲ, ಸೀನಿದವರೂ ಅಲ್ಲ. ತಮ್ಮ ಆರೋಗ್ಯ ಹೀಗೆಯೇ ಇರಲಿ ಎಂದು ಹಾರೈಸುತ್ತಾ ಒಂದು ಸಣ್ಣ ಅಹವಾಲನ್ನು ಮುಂದಿಡುತ್ತಿದ್ದೇನೆ.

ವಿದ್ಯಾರ್ಥಿಗಳಲ್ಲಿ ಒತ್ತಡ ಹೆಚ್ಚಾಗಿದೆ ಎಂದು ಕಂಡುಕೊಂಡ ಕಾಲೇಜು, ಅದನ್ನು ಇಳಿಸಲು ಮೈಂಡ್‌ಫುಲ್‌ನೆಸ್ ಎಂಬ ಧ್ಯಾನದ ತರಗತಿ ಶುರು ಮಾಡಿ, ಅದಕ್ಕೆ ಹಾಜರಿ ಕಡ್ಡಾಯ ಮಾಡಿ, ಹಾಜರಿ ಸಾಲದವರಿಗೆ ಪರೀಕ್ಷೆಯ ಪ್ರವೇಶಪತ್ರವಿಲ್ಲ ಎಂದು ಪ್ರಕಟಿಸಿದ್ದು ತಮಗೆ ಗೊತ್ತೇ ಇದೆ. ತರಗತಿ ನಡೆಸುವ ಮೇಡಂ ಬಹಳ ಮೃದು ಮಾತಿನವರು. ಕಣ್ಣು ಮುಚ್ಚಿಕೊಳ್ಳಿ, ಉಸಿರನ್ನು ಗಮನಿಸಿ ಎನ್ನುತ್ತಾರೆ. ಹೇಳಿದ ಮಾತು ಕೇಳುವ ಹುಡುಗಿಯಾದ ನಾನು ಮುಚ್ಚುತ್ತೇನೆ. ಕಣ್ಣು ಮುಚ್ಚಿದವರೆಲ್ಲ ನಿದ್ದೆ ಹೊಡೆಯುತ್ತಿದ್ದಾರೆ ಎಂದು ಕಲಿತಿರುವ ತಾವು ಆ ಕೂಡಲೇ ನನ್ನ ಹೆಸರಿನ ಮುಂದೆ ಗೈರು ಎಂದು ನಮೂದಿಸುತ್ತೀರಿ. ಒಂದೇ ಕಣ್ಣು ಮುಚ್ಚಿಯೂ ನೋಡಿದೆ. ಮೇಡಂ ಇಡೀ ತರಗತಿಯ ಧ್ಯಾನ ನಿಲ್ಲಿಸಿ, "ಏನಮ್ಮಾ, ಕಣ್ಣಿಗೆ ಏನಾದ್ರೂ ಬಿತ್ತಾ?" ಎಂದು ವಿಚಾರಿಸಿದರು.

ನಮ್ಮ ಮನೆಯಲ್ಲಿ ಎರಡೇ ಕೋಣೆ. ಒಳಗಿನದರಲ್ಲಿ ಆಸ್ಪತ್ರೆಯ ನರ್ಸ್ ಆಗಿರುವ ಅಮ್ಮ, ಸೋಂಕು ನಮಗೆ ತಗಲದಿರಲೆಂದು, ಒಬ್ಬರೇ ಇರುತ್ತಾರೆ. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ನಾನು ಹಿಂದೆ ಸರಿಯುತ್ತೇನೆ. ಹೊರಗಿನದರಲ್ಲಿ ನಾನು, ಅಜ್ಜಿ, ಮತ್ತು ಗೋಡೆಯ ಮೇಲೆ ಫೋಟೋದಲ್ಲಿ ತಾತ. ತಾತ ತೀರಿಕೊಂಡು ವರ್ಷಗಳಾದರೂ ಆ ಫೋಟೋದಲ್ಲಿ ಮಾತ್ರ, ಫ್ಲ್ಯಾಶ್‌ಗೆ ಬೆಚ್ಚಿಬಿದ್ದವರ ಹಾಗೆ, ಕಣ್ಣರಳಿಸಿ ನೆಟ್ಟಗೆ ನೋಡುತ್ತಿದ್ದಾರೆ. ಅವರ ಕೆಳಗೇ ನನ್ನ ಕುರ್ಚಿ. ಹೀಗಾಗಿ ತಾವು ಕಳುಹಿಸುವ ವರದಿಯಲ್ಲಿ ಪ್ರತಿಸಲವೂ ಇರುವುದು ಇಷ್ಟು: ವಿದ್ಯಾರ್ಥಿನಿ ಗೈರು, ಜೊತೆಗಿರುವ ಇನ್ನೊಬ್ಬರು ಹಾಜರು, ಗಮನ ಅತ್ಯುತ್ತಮ. ಅಜ್ಜಿಗೆ ಓದಿ ಹೇಳಿದೆ. "ಸ್ಕೂಲಿಗೆ ಚಕ್ಕರ್ ಹೊಡೆದು ಮರ ಹತ್ತಿ ಕೂತಿರ್ತಿದ್ದರಂತೆ ಕಣೇ, ಈಗಲಾದ್ರೂ ಬುದ್ಧಿ ಬಂತಲ್ಲ" ಎಂದು ಅವರು ಸಂತೋಷಪಟ್ಟರು.

ಕಾಲೇಜಿನ ಕಚೇರಿಗೆ ಫೋನ್ ಮಾಡಿದರೆ ಗುಮಾಸ್ತರು, "ಸಿಸ್ಟಮ್ ಗೈರು ಅಂದ್ರೆ ಗೈರೇ ಕಣಮ್ಮಾ" ಎಂದರು. ಹಾಜರಿ ಕುಸಿಯುವುದು ಒತ್ತಡದ ಲಕ್ಷಣವೆಂದು ಭಾವಿಸಿ, ಕನಿಕರದಿಂದ, ಸಂಜೆಯ ಹೆಚ್ಚುವರಿ ಮೈಂಡ್‌ಫುಲ್‌ನೆಸ್ ತರಗತಿಗೂ ನನ್ನ ಹೆಸರು ಸೇರಿಸಿದರು. ಅಲ್ಲೂ ಕಣ್ಣು ಮುಚ್ಚಬೇಕು. ನನ್ನ ಸಹಪಾಠಿಗಳು ಜಾಣರು. ಧ್ಯಾನದ ಹೊತ್ತಿನಲ್ಲಿ ಕಣ್ಣು ಬಿಟ್ಟುಕೊಂಡು ಸಿನಿಮಾ ನೋಡುತ್ತಾರೆ, ತಮ್ಮ ಲೆಕ್ಕದಲ್ಲಿ ಅವರೆಲ್ಲರೂ ಆದರ್ಶ ಧ್ಯಾನಿಗಳು.

ನಾನೂ ಹಾಗೆ ಮಾಡಬಹುದಿತ್ತು. ಆದರೆ ಏನು ಹೇಳಲಿ, ಆ ಸ್ವಲ್ಪ ಹೊತ್ತು ನನಗೆ ನಿಜಕ್ಕೂ ಬೇಕು. ಕಳೆದ ವಾರ ಅಮ್ಮನಿಗೆ ಜ್ವರ ಬಂದಿತ್ತು. ಬಾಗಿಲಾಚೆಯ ಪ್ರತಿ ಕೆಮ್ಮಿಗೂ ನಾನು ಕುರ್ಚಿ ಬಿಟ್ಟು ಏಳುತ್ತಿದ್ದೆ. ಕಣ್ಣು ಮುಚ್ಚಿ ಉಸಿರು ಎಣಿಸುವಾಗ ಮಾತ್ರ ಕೆಮ್ಮು ಬರೀ ಕೆಮ್ಮಾಗಿ ಕೇಳಿಸುತ್ತಿತ್ತು. ಒಂದು ದಿನ ತರಗತಿಯ ನಡುವೆಯೇ, ಸೋಂಕಿನ ಟೆಸ್ಟ್ ವರದಿ ಬಂದ ಕೂಡಲೇ, ಅಮ್ಮ ಒಳಗಿನಿಂದ, "ನೆಗೆಟಿವ್ ಕಣೇ! ಇನ್ನಾದ್ರೂ ಬಿಸಿಬಿಸಿ ಊಟ ಕೊಡ್ತೀಯೋ ಇಲ್ವೋ?" ಎಂದು ಕೂಗಿದರು. ನಾನು ಮುಚ್ಚಿದ ಕಣ್ಣು ತೆರೆಯದೆ ಅತ್ತೆ. ಇಡೀ ವರ್ಷದಲ್ಲಿ ನನ್ನ ಮನಸ್ಸು ನನ್ನ ಜೊತೆಗೇ ಇದ್ದ ದಿನ ಅದೊಂದೇ. ತಮ್ಮ ವರದಿ ಬಂತು: ಗೈರು. ತಾತನ ಗಮನ ಎಂದಿನಂತೆ ಅತ್ಯುತ್ತಮ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ಮುಚ್ಚಿದ ರೆಪ್ಪೆಯ ಹಿಂದೆ ಏನು ನಡೆಯುತ್ತಿದೆ ಎಂದು ನೋಡುವುದನ್ನು ತಾವು ದಯವಿಟ್ಟು ಕಲಿಯಬೇಕು. ಅದಾಗದಿದ್ದರೆ ತಾವೇ ಒಂದು ಗಳಿಗೆ ಕಣ್ಣು ಮುಚ್ಚಿ ನೋಡಬೇಕು, ಹಾಯೆನಿಸುತ್ತದೆ. ಅದೂ ಆಗದಿದ್ದರೆ ತಾತನ ಹಾಜರಿಯನ್ನು ಮೊಮ್ಮಗಳ ಹೆಸರಿಗೆ ವರ್ಗಾಯಿಸಿ ಪರೀಕ್ಷೆಗೆ ಕೂರಿಸಬೇಕು. ಅವರು ಬಿಟ್ಟುಹೋದ ಆಸ್ತಿ ಎಂದರೆ ಅದೊಂದೇ.

ಎಲ್ಲವನ್ನೂ ಕಾಣುವ ತಮಗೆ ಇನ್ನೂ ಕಾಣಿಸದ,
ತಮ್ಮ ವಿಶ್ವಾಸಿ,
ತಾತನ ಕೆಳಗಿನ ಕುರ್ಚಿಯವಳು

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ತಮ್ಮಿಂದ ಪ್ರವೇಶಪತ್ರ ಬಂತು, ಅನಂತ ಧನ್ಯವಾದಗಳು. ಹೆಸರು ನನ್ನದೇ, ಫೋಟೋ ಮಾತ್ರ ತಾತನದು. ಪರೀಕ್ಷೆಯೂ ಆನ್‌ಲೈನ್, ತಮ್ಮ ಕಣ್ಣೆದುರೇ ತಾನೇ? ಅಜ್ಜಿ ಆಗಲೇ ಫೋಟೋ ಇಳಿಸಿ, ಗಾಜು ಒರೆಸಿ, ಕ್ಯಾಮೆರಾದ ಎದುರಿಗೆ ಕುರ್ಚಿಯ ಮೇಲೆ ಕೂರಿಸಿದ್ದಾರೆ. ಸೋಮವಾರ ಪರೀಕ್ಷೆಯ ಹೊತ್ತಿಗೆ ಕಣ್ಣು ಬಿಟ್ಟುಕೊಂಡಿರುವವರು ತಾತ, ಪಕ್ಕದಲ್ಲಿ ಕೂತು ಉತ್ತರ ಬರೆಯುವವಳು ನಾನು. ಪಾಸಾದರೆ ನನ್ನ ಹೆಸರು ಹಾಕಿ. ಫೇಲಾದರೆ ಆ ದಿನ ನಾನು ಗೈರು ಎಂದು ಬರೆದುಬಿಡಿ. ಅದು ತಮಗೆ ಹೇಗೂ ರೂಢಿಯಾಗಿದೆ.